ಕೀಬೋರ್ಡ್ ಸರಿಹೋಯ್ತು, ಸ್ಕ್ರೀನ್ ಹೋಯ್ತು

ಕೀಬೋರ್ಡ್ ಬದಲಿಸಲು ರಿಪೇರಿಗೆ ಕೊಟ್ಟ ಲ್ಯಾಪ್‌ಟಾಪ್ ವಾಪಸ್ ಬಂತು. ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ರಿಪೇರಿ ಮಾಡಿದವರನ್ನು ಕೇಳಿದರೆ ‘ಪ್ಯಾನೆಲ್ (ಚಿತ್ರ ತೋರಿಸುವ ಸ್ಕ್ರೀನ್ ಭಾಗ) ಹೋಗಿದೆ, ಹೊಸದು ಹಾಕಿಸಿ’ ಅಂದರು. ಕೊಡುವಾಗ ಚೆನ್ನಾಗಿತ್ತಲ್ವಾ?

ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಜೋಡಿಸಿದೆ, ಚಿತ್ರ ಬಂತು. ಕತ್ತಲಲ್ಲಿ ಸ್ಕ್ರೀನ್‌ಗೆ ಟಾರ್ಚ್ ಹಿಡಿದು ನೋಡಿದೆ, ಅಕ್ಷರಗಳು ಮಸುಕಾಗಿ ಕಂಡವು. ಅಂದರೆ ಪ್ಯಾನೆಲ್‌ಗೆ ಚಿತ್ರ ತಲುಪುತ್ತಿದೆ, ಅದರ ಹಿಂಬದಿಯಿಂದ ಬೆಳಗುವ ಬ್ಯಾಕ್‌ಲೈಟ್ ಹೊತ್ತುತ್ತಿಲ್ಲ ಅಷ್ಟೇ. ಸ್ಕ್ರೀನ್‌ಗೆ ಹೋಗುವ ಆ ತೆಳು ಕೇಬಲ್ ಸ್ವಲ್ಪ ಓರೆಯಾಗಿ ಕೂತರೂ ಹೀಗಾಗುತ್ತದೆ. ಬ್ಯಾಟರಿ ಬಿಚ್ಚದೆ ಅದನ್ನು ತೆಗೆದು ಹಾಕುವಾಗ ಮದರ್‌ಬೋರ್ಡ್ ಮೇಲಿನ ಬ್ಯಾಕ್‌ಲೈಟ್ ಫ್ಯೂಸ್ ಸುಟ್ಟುಹೋಗುವುದೂ ಉಂಟು. ಇದ್ಯಾವುದನ್ನೂ ನೋಡದೆ ಸುಮ್ನೆ ಪ್ಯಾನೆಲ್ ಬದಲಿಸಿ ಅನ್ನೋದು ಯಾವ ನ್ಯಾಯ? ವಾಪಸ್ ಕೊಡುವ ಮುಂಚೆ ಒಂದು ಸಲ ಆನ್ ಮಾಡಿ ನೋಡಬಾರದಿತ್ತಾ?