ಶಿಫಾರಸು ಪತ್ರದಿಂದ ಬಂದ ಅಧಿಕಾರಿ

ವರ್ಗಾವಣೆಯಲ್ಲಿ ರಾಜಕಾರಣಿಗಳ ಕೈವಾಡವು ಅಧಿಕಾರಿಗಳನ್ನು ಭ್ರಷ್ಟರನ್ನಾಗಿಸುತ್ತದೆ ಎಂಬ ವಾದವನ್ನು ಲೇಖನವೊಂದರಲ್ಲಿ ಓದಿದೆ. ಭ್ರಷ್ಟತೆಗಿಂತ ಮೊದಲು ಕೆಡುವುದು ಮನೋಭಾವ ಎಂಬುದು ನನ್ನ ಅಭಿಪ್ರಾಯ. ಶಾಸಕರ ಪತ್ರದ ಬಲದಿಂದ ಬಂದ ಅಧಿಕಾರಿಯು, ಲಂಚ ಮುಟ್ಟದವನಾದರೂ, ನಿಯಮ ಏನು ಹೇಳುತ್ತದೆ ಎನ್ನುವುದಕ್ಕಿಂತ ಮೊದಲು ಅರ್ಜಿದಾರ ಯಾರ ಕಡೆಯವನು ಎಂದು ಯೋಚಿಸಲು ಕಲಿಯುತ್ತಾನೆ.

ನಮ್ಮ ಮಲೆನಾಡಿನಲ್ಲಿ ಇದು ಎದ್ದು ಕಾಣುವುದು ಬಗರ್‌ಹುಕುಂ ಅರ್ಜಿಗಳಲ್ಲಿ, ಅಂದರೆ ಸರ್ಕಾರಿ ಜಮೀನಿನಲ್ಲಿ ಅನುಮತಿಯಿಲ್ಲದೆ ಮಾಡಿಕೊಂಡ ಸಾಗುವಳಿಯನ್ನು ಸಕ್ರಮಗೊಳಿಸುವಂತೆ ಕೋರುವ ಅರ್ಜಿಗಳಲ್ಲಿ. ಸಕ್ರಮೀಕರಣ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ದಾಖಲೆ ಸರಿಯಿಲ್ಲವೆಂದು ಅಧ್ಯಕ್ಷರಿಗೆ ಎದುರಾಡಬೇಕಾದವರ ಹುದ್ದೆಯೇ ಆ ಅಧ್ಯಕ್ಷರ ಒಲವಿನ ಮೇಲೆ ನಿಂತಿದ್ದರೆ, ಅವರು ಬಾಯಿ ತೆರೆಯುವುದಾದರೂ ಹೇಗೆ? ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಊರು, ಗದ್ದೆ ಬಿಟ್ಟುಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅರಣ್ಯ ಕಾನೂನಿನ ತೊಡಕು ದೊಡ್ಡದು, ನಿಜ. ಆದರೆ ಆ ತೊಡಕನ್ನು ಮೇಲಿನವರಿಗೆ ನಿಷ್ಠುರವಾಗಿ ಬರೆದು ತಿಳಿಸುವ ಅಧಿಕಾರಿಗೆ ಕುರ್ಚಿಯ ಭದ್ರತೆ ಬೇಕು.

2013ರಲ್ಲಿ ನಿವೃತ್ತ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವರ್ಗಾವಣೆಗಳ ಬಗ್ಗೆ ಸಲಹೆ ನೀಡುವ ನಾಗರಿಕ ಸೇವಾ ಮಂಡಳಿ ರಚಿಸಬೇಕು, ಕನಿಷ್ಠ ಸೇವಾವಧಿ ನಿಗದಿಪಡಿಸಬೇಕು, ಮೌಖಿಕ ಆದೇಶಗಳನ್ನು ಬರಹದಲ್ಲಿ ದಾಖಲಿಸಿಕೊಳ್ಳಬೇಕು ಎಂದಿತು. ಈ ಕೊನೆಯ ಮಾತೇ ನನಗೆ ಅತಿ ಮುಖ್ಯವಾಗಿ ಕಾಣುತ್ತದೆ. ಬಾಯಿಮಾತಿನ ಪ್ರಭಾವವೇ ನಡೆಯುವ ಕಡೆ ಏನಾಗುತ್ತದೆ ಎಂಬುದನ್ನು ನಾವೇ ಕಂಡಿದ್ದೇವೆ. ನಮ್ಮ ಕುಟುಂಬದ ಪೋಡಿ (ಜಮೀನನ್ನು ಅಳೆದು ಪಾಲು ಬೇರ್ಪಡಿಸುವ) ಕಡತವು ಎರಡು ವರ್ಷಗಳಲ್ಲಿ ಮೂವರು ಅಧಿಕಾರಿಗಳ ಕೈ ಬದಲಾಯಿಸಿತು. ಮೂರನೆಯವರು ನನ್ನ ತಾಯಿಯ ಬಳಿ ಕೇಳಿದ್ದು ದಾಖಲೆಯನ್ನಲ್ಲ, ನಮಗೆ ಯಾರ ಪರಿಚಯವಿದೆ ಎಂದು.