ಗುಜರಿಲಿ ದುಡ್ಡಿರೋದು ಆಯೋದ್ರಲ್ಲಲ್ಲ, ವಿಂಗಡಿಸೋದ್ರಲ್ಲಿ

ಗುಜರಿ ಮಾರಿ ದುಡ್ಡು ಮಾಡ್ಬೋದಾ ಅಂತ ಯಾರಾದ್ರೂ ಕೇಳಿದ್ರೆ ನಾನು ವಾಪಸ್ ಕೇಳೋದು, ಜೇಬಲ್ಲಿ ಮ್ಯಾಗ್ನೆಟ್ ಇದ್ಯಾ, ಜೊತೆಗೆ ಲೋಹ ಉಜ್ಜೋ ಒಂದು ಅರ ಇದ್ಯಾ ಅಂತ. ಇವೆರಡೂ ಇಲ್ದೆ ಚೀಲ ತಗೊಂಡು ಹೊರಟವರು ಬೆನ್ನು ಬೀಳೋವಷ್ಟು ಹೊತ್ತು ತರ್ತಾರೆ, ಎಲ್ಲಾ ಒಂದೇ ರಾಶಿ ಹಾಕಿ ತೂಕ ಮಾಡಿಸ್ತಾರೆ, ಗುಜರಿಯವನು ಅಷ್ಟನ್ನೂ ಕಬ್ಬಿಣದ ರೇಟಿಗೆ ತಗೋತಾನೆ, ಇವರು ಅತ್ಲಾಗೆ ಹೋದ್ಮೇಲೆ ಅದೇ ರಾಶಿ ಕೆದಕಿ ತಾಮ್ರ ಒಂದ್ಕಡೆ ಹಿತ್ತಾಳೆ ಒಂದ್ಕಡೆ ಮಾಡ್ಕೊಂಡು ಲಾಭ ಎಣಿಸ್ತಾನೆ. ಅವನನ್ನ ಬೈದು ಏನ್ ಪ್ರಯೋಜನ ಹೇಳಿ, ವಿಂಗಡಿಸೋ ಕೆಲಸ ಅವನು ಮಾಡ್ದ, ಅದರ ಕೂಲಿ ಅವನಿಗೆ ಹೋಯ್ತು, ಅಷ್ಟೇ.

ಮ್ಯಾಗ್ನೆಟ್ ಗಬಕ್ ಅಂತ ಕಚ್ಕೊಂಡ್ರೆ ಕಬ್ಬಿಣದ ಜಾತಿ, ಆ ರಾಶಿಗೆ ಎಸೀರಿ. ಕಚ್ಲಿಲ್ಲ ಅಂದ್ರೆ ಅಲ್ಲಿಂದ ಶುರು ಕೆಲಸ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಸೀಸ, ಸತು ಇವು ಯಾವುದಕ್ಕೂ ಮ್ಯಾಗ್ನೆಟ್ ಹಿಡಿಯಲ್ಲ. ಆಗ ಕೈಯೇ ತಕ್ಕಡಿ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದ್ರೆ ಸತು 7.1, ತಾಮ್ರ 8.9, ಸೀಸ 11.3, ಈ ವ್ಯತ್ಯಾಸ ಸ್ವಲ್ಪ ದಿನ ಎತ್ತಿ ಇಳಿಸಿದ್ರೆ ಅಂಗೈಗೇ ಗೊತ್ತಾಗಿಬಿಡುತ್ತೆ. ಆಮೇಲೆ ಅರ. ನಲ್ಲಿಗಳನ್ನೇ ತಗೊಳಿ, ಹೊರಗಡೆ ಎಲ್ಲಾದ್ರ ಮೇಲೂ ಕ್ರೋಮ್ ಲೇಪ, ಎಲ್ಲವೂ ಬೆಳ್ಳಗೆ ಫಳಫಳ, ನೋಡಿದ್ರೆ ಏನೂ ತಿಳಿಯಲ್ಲ. ಕಾಣದೇ ಇರೋ ಕಡೆ ಅರದಲ್ಲಿ ಒಂದ್ಸಲ ಉಜ್ಜಿ, ಹಳದಿ ಬಂದ್ರೆ ಹಿತ್ತಾಳೆ, ಬೂದು ಬಣ್ಣ ಬಂದ್ರೆ ಸತುವಿನ ಮಿಶ್ರಲೋಹ, ಅದಕ್ಕೆ ರೇಟು ತುಂಬಾ ಕಮ್ಮಿ. ಮೋಟರ್ ಒಳಗೆ ಸುತ್ತಿರೋ ತಂತಿ, ಅಂದ್ರೆ ವೈಂಡಿಂಗ್ ಕಥೆನೂ ಇದೇ, ಮೇಲೆ ತಾಮ್ರದ ಬಣ್ಣದ ಎನಾಮಲ್ ಹಚ್ಚಿರ್ತಾರೆ, ಒಳಗೆ ಅಲ್ಯೂಮಿನಿಯಂ ತಂತಿ ಇರ್ಬೋದು. ತಂತಿಯ ಮೈ ಕೆರೆದು ನೋಡದೆ ತಾಮ್ರ ಅಂತ ಖುಷಿ ಪಡ್ಬೇಡಿ. ಮೇಲೆ ಮಾತ್ರ ತಾಮ್ರದ ಪದರ ಇದ್ದು ಒಳಗೆ ಅಲ್ಯೂಮಿನಿಯಂ ಇರೋ ಕೇಬಲ್ಲೂ ಬರುತ್ತೆ, ಅದನ್ನ ಕಟ್ ಮಾಡಿ ತುದಿ ನೋಡಿದ್ರೆ ನಡುವೆ ಬೆಳ್ಳಗಿರುತ್ತೆ.

ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಜನ ಮೋಸ ಹೋಗೋದು ಜಾಸ್ತಿ. 304 ಅನ್ನೋ ದರ್ಜೆಯಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತೆ, ಮ್ಯಾಗ್ನೆಟ್ ಹಿಡಿಯಲ್ಲ, ಬೆಲೆ ಬರೋದು ಆ ನಿಕಲ್‌ನಿಂದ. 430ರಲ್ಲಿ ನಿಕಲ್ ಇಲ್ವೇ ಇಲ್ಲ ಅನ್ನಬೋದು, ಮ್ಯಾಗ್ನೆಟ್ ಚೆನ್ನಾಗೇ ಕಚ್ಚುತ್ತೆ. ಆದ್ರೆ 304ನ ಬಗ್ಗಿಸಿದ ಕಡೆ, ಒತ್ತಿ ಆಕಾರ ಕೊಟ್ಟಿರೋ ಮೂಲೆಗಳಲ್ಲಿ ಸಣ್ಣಗೆ ಎಳೆಯುತ್ತೆ. ಗುಜರಿಯವನು ಬೇಕು ಅಂತ್ಲೇ ಆ ಮೂಲೆಗೆ ಮ್ಯಾಗ್ನೆಟ್ ಹಿಡಿದು ಇದು ಕಬ್ಬಿಣ ಕಣಪ್ಪಾ ಅಂದ್ರೆ ಸಪಾಟಾಗಿರೋ ಜಾಗದಲ್ಲಿ ಹಿಡಿದು ತೋರಿಸಿ ಅನ್ನಿ.

ಇನ್ನು ತಾಮ್ರ ತೆಗೆಯೋಕೆ ವೈರ್ ಸುಡೋರ ಬಗ್ಗೆ. ನನಗೆ ಈ ವಿಷಯದಲ್ಲಿ ಯಾವ ಸಮಾಧಾನದ ಮಾತೂ ಬರಲ್ಲ. ವೈರ್ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ರೆ ಹೈಡ್ರೋಜನ್ ಕ್ಲೋರೈಡ್ ಅನ್ನೋ ವಿಷದ ಗ್ಯಾಸ್ ಬರುತ್ತೆ, ಡಯಾಕ್ಸಿನ್ ಅನ್ನೋ ವಿಷಾನೂ ಹುಟ್ಟುತ್ತೆ, ಆ ಹೊಗೆ ಮೊದಲು ಹೋಗೋದು ಸುಡ್ತಾ ನಿಂತಿರೋನ ಎದೆಗೇ, ಆಮೇಲೆ ಅಕ್ಕಪಕ್ಕದ ಮಕ್ಕಳಿಗೆ. ಸರಿ, ಆರೋಗ್ಯದ ಮಾತು ಬಿಡಿ, ದುಡ್ಡಿನ ಲೆಕ್ಕಕ್ಕೇ ಬನ್ನಿ: ಸುಟ್ಟ ತಾಮ್ರ ಕಪ್ಪಾಗಿ ಪುಡಿಪುಡಿ ಆಗುತ್ತೆ, ಸುಲಿದು ಹೊಳೆಯೋ ತಾಮ್ರದ ರೇಟು ಅದಕ್ಕೆ ಯಾರೂ ಕೊಡಲ್ಲ. ಹಂಗಂತ ಎಲ್ಲಾ ವೈರನ್ನೂ ಸುಲಿಯೋಕೆ ಕೂತ್ಕೋಬೇಕಾ ಅಂದ್ರೆ ಅದೂ ಬೇಡ. ಒಂದು ಮೀಟರ್ ಕತ್ತರಿಸಿ ತೂಗಿ, ಸುಲಿದು ಬರೀ ತಾಮ್ರ ತೂಗಿ, ಅರ್ಧಕ್ಕಿಂತ ಜಾಸ್ತಿ ತಾಮ್ರ ಇದ್ರೆ ಕೂತು ಸುಲಿಯೋದಕ್ಕೆ ಅರ್ಥ ಇದೆ. ಚಾರ್ಜರ್ ವೈರು, ಇಯರ್‌ಫೋನ್ ವೈರು ಇವೆಲ್ಲ ಬರೀ ಪ್ಲಾಸ್ಟಿಕ್ಕು, ಸುಲಿಯೋದು ಟೈಮ್ ವೇಸ್ಟ್, ವೈರ್ ರೇಟಿಗೇ ಕೊಟ್ಬಿಡಿ.

ಬಿಚ್ಚೋ ಕೆಲಸದಲ್ಲಿ ಧೈರ್ಯಕ್ಕಿಂತ ಭಯ ಒಳ್ಳೇದು. ಮೈಕ್ರೋವೇವ್ ಪ್ಲಗ್ ತೆಗೆದಿದ್ರೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯೋವಷ್ಟು ಕರೆಂಟ್ ಉಳಿದಿರ್ಬೋದು. ಈಗಿನ ಫ್ರಿಜ್ಜುಗಳಲ್ಲಿ ಸುಮಾರಿಗೆ ಐಸೋಬ್ಯೂಟೇನ್ ಗ್ಯಾಸ್, ಅದು ಹೊತ್ಕೊಳ್ಳೋ ಗ್ಯಾಸು, ಪೈಪಿಗೆ ಗ್ಯಾಸ್ ಕಟರ್ ಹಿಡಿದ್ರೆ ಮುಖಕ್ಕೇ ಬೆಂಕಿ. ಹಳೇ ಎಸಿಗಳಲ್ಲಿರೋ ಆರ್-22 ಅನ್ನೋ ಗ್ಯಾಸ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1800 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತೆ, ನಾವು ಒಂದು ಮಾರು ತಾಮ್ರದ ಪೈಪಿಗೋಸ್ಕರ ಅದನ್ನ ಪುಸ್ ಅಂತ ಗಾಳಿಗೆ ಬಿಡ್ತೀವಿ. ಬ್ಯಾಟರಿ ಆಸಿಡ್ ಚರಂಡಿಗೆ ಚೆಲ್ಲಿ ಸೀಸ ಮಾತ್ರ ಮಾರೋದಂತೂ ಬೇಡವೇ ಬೇಡ, ಇಡೀ ಬ್ಯಾಟರಿನೇ ಕೊಡಿ, ತಗೊಳ್ಳೋರು ಇದ್ದೇ ಇರ್ತಾರೆ. ಬಾಯಿ ಮುಚ್ಚಿರೋ ಸಿಲಿಂಡರ್, ಡಬ್ಬಿ ಯಾವುದನ್ನೂ ಕತ್ತರಿಸಬೇಡಿ.

ಗುರುತೇ ಸಿಗದ ಭಾರದ ವಸ್ತು ಸಿಕ್ರೆ ಅಲ್ಲೇ ಬಿಟ್ಟು ದೂರ ಬನ್ನಿ. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾ ಊರಲ್ಲಿ ಪಾಳುಬಿದ್ದ ಕ್ಲಿನಿಕ್ಕಿಂದ ಇಬ್ಬರು ಕ್ಯಾನ್ಸರ್‌ಗೆ ವಿಕಿರಣ ಕೊಡೋ ಒಂದು ರೇಡಿಯೋಥೆರಪಿ ಮಷೀನಿನ ಭಾಗ ಬಿಚ್ಚಿ ತಂದು ಗುಜರಿಗೆ ಮಾರಿದ್ರು. ಒಳಗಿದ್ದ, ವಿಕಿರಣ ಸೂಸೋ ಸೀಸಿಯಂ-137 ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೀತಿತ್ತಂತ ಮನೆಮಂದಿ ನೆಂಟರಿಷ್ಟರು ಎಲ್ಲಾ ಹಂಚ್ಕೊಂಡ್ರು, ನಾಲ್ಕು ಜನ ಸತ್ರು, ಅವರಲ್ಲಿ ಒಂದು ಪುಟ್ಟ ಹುಡುಗಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರ್ಕೆಟ್‌ನಲ್ಲಿ ಅದೇ ಥರ ವಿಕಿರಣ ಸೂಸೋ ಕೋಬಾಲ್ಟ್-60 ಸಿಕ್ಕಿ ಒಬ್ಬರು ಹೋದ್ರು. ಎರಡೂ ಕಡೆ ಕೈ ಹಾಕಿದವರು ಬಡಪಾಯಿಗಳು, ಎಸೆದವರು ಓದಿದವರು, ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಸಿಟ್ಟು ಬರುತ್ತೆ. ಹಳದಿ ಮೇಲೆ ಮೂರು ರೆಕ್ಕೆ ಫ್ಯಾನಿನಂಥ ವಿಕಿರಣದ ಗುರುತು ಕಂಡ್ರೆ ಮುಟ್ಟೋ ಮಾತೇ ಬೇಡ, ಪೊಲೀಸ್‌ಗೆ ಫೋನ್ ಮಾಡಿ.

ತೂಕದ ಮೋಸಕ್ಕೆ ನನ್ನ ಹತ್ರ ಒಂದೇ ಉಪಾಯ ಇದೆ, ಒಂದು ಲೀಟರ್ ನೀರು ಒಂದು ಕೆಜಿ. ತುಂಬಿದ ಒಂದು ಲೀಟರ್ ಬಾಟಲಿ ತಕ್ಕಡಿ ಮೇಲಿಟ್ರೆ ಬಾಟಲಿ ತೂಕ ಸೇರಿ ಒಂದು ಕೆಜಿಗೆ ಸ್ವಲ್ಪ ಮೇಲೆ ತೋರಿಸ್ಬೇಕು, ಎಂಟುನೂರು ತೋರಿಸಿದ್ರೆ ಚೀಲ ಎತ್ಕೊಂಡು ಮುಂದಿನ ಅಂಗಡಿಗೆ ನಡೀರಿ, ಜಗಳ ಬೇಡ. ಇನ್ನೊಂದು, ಅಲ್ಯೂಮಿನಿಯಂಗೆ ಕಬ್ಬಿಣದ ಸ್ಕ್ರೂ ಹಂಗೇ ಬಿಟ್ಟಿದ್ರೆ ಅದೊಂದೇ ನೆಪ ಸಾಕು ಇಡೀ ಲಾಟಿನ ರೇಟು ಇಳಿಸೋಕೆ, ಹತ್ತು ನಿಮಿಷ ಸ್ಕ್ರೂಡ್ರೈವರ್ ಹಿಡಿದ್ರೆ ಆ ನೆಪ ಇರಲ್ಲ.

ಕದ್ದ ಮಾಲಿನ ವಿಷಯ ಜಾಸ್ತಿ ಎಳೆಯಲ್ಲ. ಮ್ಯಾನ್‌ಹೋಲ್ ಮುಚ್ಚಳ, ರೈಲ್ವೆ ಕೇಬಲ್ಲು, ಸ್ಮಶಾನದ ಗೇಟು ಮಾರೋಕೆ ಬರೋರನ್ನ ಕಂಡ್ರೆ ಈ ಕಸುಬು ಮಾಡೋರೆಲ್ಲ ದೂರ ಇರ್ಬೇಕು, ಯಾಕಂದ್ರೆ ಅವರಿಂದಾಗೇ ಉಳಿದವರನ್ನೂ ಜನ ಕಳ್ಳರ ಥರ ನೋಡೋದು. ಒಂದು ಕೆಜಿ ಅಲ್ಯೂಮಿನಿಯಂನ ಅದಿರಿಂದ ತೆಗೆಯೋ ಬದಲು ಹಳೇದನ್ನ ಕರಗಿಸಿದ್ರೆ ಸುಮಾರು 95% ಶಕ್ತಿ ಉಳಿಯುತ್ತೆ ಅಂತ ಪರಿಸರದ ಭಾಷಣಗಳಲ್ಲಿ ಹೇಳ್ತಾರೆ, ಆ ಅಲ್ಯೂಮಿನಿಯಂ ಆಯ್ದು ಕೊಟ್ಟವನನ್ನ ಮಾತ್ರ ಗೇಟಿನ ಹತ್ರನೂ ನಿಲ್ಲೋಕೆ ಬಿಡಲ್ಲ.

ಮಾರೋ ಟೈಮಿಂಗ್ ಬಗ್ಗೆ ಕೇಳ್ತಾರೆ. ತಾಮ್ರದ ರೇಟು ಲಂಡನ್ ಮೆಟಲ್ ಎಕ್ಸ್‌ಚೇಂಜ್ ಅನ್ನೋ ಲೋಹದ ಮಾರುಕಟ್ಟೆ ಕಡೆ ನೋಡ್ಕೊಂಡು ದಿನಾ ಮೇಲೆ ಕೆಳಗೆ ಆಗ್ತಾನೇ ಇರುತ್ತೆ, ತಾಮ್ರ ಹಾಳಾಗಲ್ಲ, ಜಾಗನೂ ಕಮ್ಮಿ ಸಾಕು, ಇಟ್ಕೊಂಡು ಕಾಯ್ಬೋದು. ಕಬ್ಬಿಣ ಜಾಗ ತಿನ್ನುತ್ತೆ, ತುಕ್ಕು ಹಿಡಿಯುತ್ತೆ, ಬಂದ ಹಾಗೆ ಮಾರಿಬಿಡಿ. ಆದ್ರೆ ಇವತ್ತಿನ ದುಡ್ಡಲ್ಲಿ ಇವತ್ತೇ ಅಕ್ಕಿ ತರಬೇಕಾದವನಿಗೆ ಕಾಯಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ, ಅವನು ಕಾಯೋದು ಬೇಡ, ತಕ್ಕಡಿಗೆ ಹಾಕೋ ಮುಂಚೆ ತಾಮ್ರ ಹಿತ್ತಾಳೆ ಬೇರೆ ಚೀಲಕ್ಕೆ ಹಾಕ್ಕೊಂಡ್ರೆ ಅಷ್ಟೇ ಸಾಕು.