ಸ್ಪಷ್ಟನೆ: ಅಡಾಪ್ಟರ್ ತಿರುಗಿಸಿ ಹಾಕಿದರೆ ಚಿತ್ರ ಬರುವುದಿಲ್ಲ

‘ಎಚ್‌ಡಿಎಂಐ ಟು ವಿಜಿಎ ಅಡಾಪ್ಟರ್ ತಗೊಳ್ಳಿ, ತಿರುಗಿಸಿ ಹಾಕಿದರೆ ಹಳೇ ಕಂಪ್ಯೂಟರ್ ಕೂಡ ಹೊಸ ಟಿವಿಗೆ ಸೇರುತ್ತೆ’ ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಸುಮ್ನೆ ದುಡ್ಡು ಹಾಕಬೇಡಿ.

ಹಳೇ ಕಂಪ್ಯೂಟರಿನಿಂದ ಚಿತ್ರ ಹೊರಗೆ ಕಳಿಸುವ ಕನೆಕ್ಷನ್ ವಿಜಿಎ. 1987ರಲ್ಲಿ ಐಬಿಎಂ ಕಂಪನಿ ತಂದ ಇದು ಅನಲಾಗ್, ಅಂದರೆ ಚಿತ್ರ ಏರಿಳಿಯುವ ವೋಲ್ಟೇಜ್ ಆಗಿ ಹೋಗುತ್ತದೆ. ಹೊಸ ಟಿವಿಯಲ್ಲಿರುವ ಕನೆಕ್ಷನ್ ಎಚ್‌ಡಿಎಂಐ ಡಿಜಿಟಲ್, ಅಂದರೆ ಚಿತ್ರ ಅಂಕಿಗಳಾಗಿ ಹೋಗುತ್ತದೆ. ಮೆಸೇಜಿನಲ್ಲಿ ಹೇಳಿದ ಅಡಾಪ್ಟರ್ ಒಳಗಿನ ಪುಟ್ಟ ಚಿಪ್ ಡಿಜಿಟಲನ್ನು ಅನಲಾಗ್ ಮಾಡುತ್ತದೆ, ಅಷ್ಟೇ. ಉಲ್ಟಾ ಕೆಲಸ ಅದಕ್ಕೆ ಬರುವುದಿಲ್ಲ. ಮೋಸ ಹೋಗುವುದು ಇಲ್ಲೇ: ಹದಿನೈದು ಪಿನ್ನಿನ ನೀಲಿ ಕೇಬಲ್ ಸರಿಯಾಗಿ ಕೂರುತ್ತದೆ, ಸ್ಕ್ರೂ ಕೂಡ ಬಿಗಿಯಾಗುತ್ತದೆ, ಟಿವಿಯಲ್ಲಿ ಮಾತ್ರ ‘ನೋ ಸಿಗ್ನಲ್’.

ನಿಮಗೆ ಬೇಕಾದದ್ದು ‘ವಿಜಿಎ ಟು ಎಚ್‌ಡಿಎಂಐ’. ಮೊದಲ ಹೆಸರು ಕಂಪ್ಯೂಟರ್ ಕಡೆಯದ್ದು. ಇದಕ್ಕೆ ಸಾಮಾನ್ಯವಾಗಿ ಯುಎಸ್‌ಬಿಯಿಂದ ಕರೆಂಟ್ ಕೊಡಬೇಕು. ವಿಜಿಎಯಲ್ಲಿ ಸೌಂಡ್ ಹೋಗುವುದಿಲ್ಲ, ಅಲ್ವಾ? ಆಡಿಯೋ ವೈರ್ ಹಾಕಲು ಜಾಗ ಇರುವುದನ್ನೇ ಕೇಳಿ ತನ್ನಿ.